ಒಬ್ಬಳಿಗೆ ಮಾತ್ರ ಪಾಲಕಿ

ಹಂಡೆ ಒಲೆಗೆ ಬೆಂಕಿ. ಅದು ಹತ್ತಿಕೊಳ್ಳುವಷ್ಟರಲ್ಲಿ ಮಾವನ ಕೋಣೆಯ ದೀಪ ಹಾಕುವುದು, ರಾತ್ರಿಯ ಒದ್ದೆ ಬಟ್ಟೆ ಎಳೆದು ಬಕೆಟ್ಟಿಗೆ ತುಂಬುವುದು, ಅವನನ್ನು ಎಡಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳಗಿನ ಹುಣ್ಣು ನೋಡುವುದು. ಹುಣ್ಣು ಹೆಚ್ಚಿದ್ದರೆ ಬಿಸಿನೀರು, ಹತ್ತಿ, ಮುಲಾಮು. ಹೆಚ್ಚಿರದಿದ್ದರೂ ಬಿಸಿನೀರು, ಹತ್ತಿ, ಮುಲಾಮು. ಬಲಗೈ ಬಲಗಾಲು ಬಿದ್ದುಹೋದ ಎಂಬತ್ತಮೂರರ ಗಂಡಸನ್ನು ಒಬ್ಬಳೇ ಎತ್ತಿ ಕೂರಿಸಬೇಕಾದರೆ ಮೊದಲು ಮಂಡಿಯನ್ನು ಮಂಚದ ಪಟ್ಟಿಗೆ ಒತ್ತಿ ನಿಲ್ಲಬೇಕು, ಅವನ ಕೈಯನ್ನು ತನ್ನ ಕುತ್ತಿಗೆಗೆ ಹಾಕಿಕೊಳ್ಳಬೇಕು, ‘ನಿಧಾನ ಕಣೇ, ಮೂಟೆ ಎತ್ತಿದಂಗೆ ಎತ್ತಬ್ಯಾಡ’ ಎಂದು ಅವನು ಬೈಯುವುದನ್ನು ಕೇಳಿಸಿಕೊಳ್ಳಬೇಕು. ಮಲದ ಪಾತ್ರೆ ಇಡುವುದು, ಕಾಯುವುದು, ತೆಗೆಯುವುದು, ತೊಳೆಯುವುದು. ಆಮೇಲೆ ಒಳಕೋಣೆಯಲ್ಲಿ ಮಲಗಿರುವ ನಾದಿನಿ ಕೆಂಚಮ್ಮನನ್ನು ಎಬ್ಬಿಸುವುದು. ಜೋರಾಗಿ ಕೂಗಿದರೆ ಅವಳಿಗೆ ಫಿಟ್ಸ್ ಬರುತ್ತದೆ, ಅದಕ್ಕೆ ಪಾದ ಸವರಿ ಎಬ್ಬಿಸಬೇಕು. ಬಾಳೆಹಣ್ಣಿನ ಚೂರಿನೊಳಗೆ ಮಾತ್ರೆ ಒತ್ತಿ ನುಂಗಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಹಲ್ಲು ಉಜ್ಜಿಸುವುದು, ಲಂಗದ ಲಾಡಿ ಕಟ್ಟುವುದು. ಕೊಟ್ಟಿಗೆಯ ಸಗಣಿ ಬಾಚಿ ಹಾಲು ಕರೆಯುವುದು, ಡಿಕಾಕ್ಷನ್ ಇಳಿಸುವುದು, ರೊಟ್ಟಿಗೆ ಅಕ್ಕಿಹಿಟ್ಟನ್ನು ಕುದಿನೀರಿಗೆ ಹಾಕಿ ಉಕ್ಕರಿಸುವುದು, ಅಂಗಳ ಗುಡಿಸುವುದು, ಕೋಳಿ ಬಿಡುವುದು. ಯಸಳೂರಿನಿಂದ ಸಕಲೇಶಪುರಕ್ಕೆ ಹೋಗುವ ಮೊದಲ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುವಾಗ ಇಷ್ಟೂ ಮುಗಿದಿರುತ್ತದೆ. ಬೆಳಕು ಹರಿಯುವುದು ಆಮೇಲೆ.

ಸರ್ಕಾರಕ್ಕೆ ಕೊಟ್ಟ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಕಾಲಂ ಇತ್ತು. ಗಂಗಾಮಣಿಯ ಹೆಸರಿನ ಮುಂದೆ ಅವಳ ಭಾವ ಮೋಹನ್ ‘ಮನೆಯಲ್ಲೇ ಇರುತ್ತಾರೆ’ ಎಂದು ಬರೆದಿದ್ದ.

ಆ ಅರ್ಜಿ ಹುಟ್ಟಿದ್ದು ಹೇಗೆ ಎಂದು ತಿಳಿಯಬೇಕಾದರೆ ಈ ಮನೆಯ ಗಂಡಸರ ಬುದ್ಧಿವಂತಿಕೆಯನ್ನು ಸ್ವಲ್ಪ ನೋಡಬೇಕು.

ಗಂಗಾಮಣಿಗೆ ಐವತ್ತನಾಲ್ಕು. ಆಲೂರು ತಾಲ್ಲೂಕಿನ ಮಗ್ಗೆ ಕಡೆಯವಳು. ಏಳನೇ ಕ್ಲಾಸಿನವರೆಗೆ ಓದಿದ್ದಾಳೆ, ಅಕ್ಷರ ಮುತ್ತಿನಂತಿದೆ, ಅದನ್ನು ಬಳಸುವ ಸಂದರ್ಭ ಈ ಮನೆಯಲ್ಲಿ ಹಾಲಿನ ಲೆಕ್ಕಕ್ಕಿಂತ ಮೇಲೆ ಹೋಗಲಿಲ್ಲ. ಇಪ್ಪತ್ತೆರಡಕ್ಕೆ ತಿಮ್ಮಯ್ಯನ ಎರಡನೇ ಮಗ ಮಹೇಶನನ್ನು ಮದುವೆಯಾಗಿ ಬಂದಳು. ಮಕ್ಕಳಾಗಲಿಲ್ಲ. ಮಕ್ಕಳಾಗದ ಸೊಸೆಗೆ ಕೆಲಸ ಕಡಿಮೆ ಎಂದು ಅತ್ತೆ ತೀರ್ಮಾನಿಸಿ, ಆಗ ಹದಿನೈದು ವರ್ಷದವಳಾಗಿದ್ದ ಕೆಂಚಮ್ಮನನ್ನು ಅವಳ ಮಡಿಲಿಗೆ ಹಾಕಿ ತಾನು ಜಗಲಿ ಸೇರಿದಳು. ಕೆಂಚಮ್ಮನ ಬುದ್ಧಿ ನಾಲ್ಕೈದು ವರ್ಷದ ಮಗುವಿನಲ್ಲೇ ನಿಂತಿತ್ತು. ಅತ್ತೆ ಸತ್ತಳು. ಹದಿನಾಲ್ಕು ವರ್ಷದ ಹಿಂದೆ ಮಹೇಶನೂ ಸತ್ತ. ಮರಗಸಿ ಮಾಡಲು, ಅಂದರೆ ಕಾಫಿಗೆ ಬಿಸಿಲು ಬೀಳಲೆಂದು ನೆರಳು ಮರದ ಕೊಂಬೆ ಕಡಿಯಲು ಹತ್ತಿದವನು ಸಿಲ್ವರ್ ಮರದಿಂದ ಬಿದ್ದ.

ತಿಥಿಯಾಗಿ ತಿಂಗಳಿಗೆ ಮೋಹನ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸಕಲೇಶಪುರಕ್ಕೆ ಹೋದ. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂರುವ ಪತ್ರ ಬರಹಗಾರ ಸೋಮಯ್ಯ ಏನೋ ಓದಿದ. ಗಡಗಡನೆ ಓದುವುದೇ ಅವನ ವಿದ್ಯೆ. ‘ವಿಧವಾ ಪಿಂಚಣಿಗೆ ಬೇಕಾಗ್ತದಮ್ಮ’ ಎಂದು ಇಬ್ಬರೂ ಹೇಳಿದರು. ಅವಳು ಸಹಿ ಹಾಕಿದಳು. ಒಂದು ಸೀರೆ, ಒಂದು ರವಿಕೆ ಕಣ, ಹೋಟೆಲಿನಲ್ಲಿ ಮಸಾಲೆ ದೋಸೆ. ಅದು ಹಕ್ಕು ಖುಲಾಸೆ ಪತ್ರ, ಗಂಡನ ಪಾಲನ್ನು ತಾನು ಬಿಟ್ಟುಕೊಟ್ಟ ಪತ್ರ ಎಂದು ತಿಳಿದದ್ದು ಎರಡು ವರ್ಷ ಕಳೆದ ಮೇಲೆ. ಈ ಕಡೆ ಹೆಣ್ಣುಮಕ್ಕಳ ಪಾಲಿನ ಬೆಲೆ ಇಷ್ಟೇ, ಒಂದು ಸೀರೆ ಮತ್ತು ಒಂದು ದೋಸೆ. ಸೀರೆ ಪಾಲಿಸ್ಟರ್.

ಆಸ್ತಿ ಎಂದರೆ ನಾಲ್ಕು ಎಕರೆ ತೋಟ, ಮನೆ, ಕಾಫಿ ಒಣಗಿಸುವ ಕಣ. ತಿಮ್ಮಯ್ಯನಿಗೆ ಅವನ ಅಪ್ಪನಿಂದ ಬಂದದ್ದು. ತಿಮ್ಮಯ್ಯನಿಗೆ ಲಕ್ವ ಹೊಡೆದ ಮೇಲೆ ಮೋಹನನಿಗೆ ಅಪ್ಪನ ಮೇಲೆ ಪ್ರೀತಿ ಉಕ್ಕಿತು, ತಿಂಗಳಿಗೊಮ್ಮೆ ಬರತೊಡಗಿದ. ಸಕಲೇಶಪುರದಲ್ಲಿ ಅವನಿಗೆ ಗೊಬ್ಬರದ ಅಂಗಡಿ, ಎರಡಂತಸ್ತಿನ ಮನೆ, ಆ ಮನೆಯಲ್ಲಿ ಯಾರೂ ಮಲಗದ ಅತಿಥಿ ಕೋಣೆ. ಬೆಳೆಗಾರರ ಸಂಘದಲ್ಲಿ ಕಾರ್ಯದರ್ಶಿ. ಬಂದಾಗೆಲ್ಲ ಅಪ್ಪನ ಕೋಣೆಯ ಹೊಸ್ತಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು, ‘ಹೆಂಗಿದ್ದೀರಪ್ಪಾ?’ ಎನ್ನುತ್ತಿದ್ದ. ಮುದುಕನ ಕಣ್ಣಲ್ಲಿ ನೀರು ತುಂಬುತ್ತಿತ್ತು. ‘ನೋಡೇ, ಎಷ್ಟು ಕೆಲಸ ಇದ್ರೂ ಬಂದು ಹೋಗ್ತಾನೆ’ ಎಂದು ತನ್ನ ಪಾತ್ರೆ ತೊಳೆಯುತ್ತಿದ್ದವಳಿಗೇ ಹೇಳುತ್ತಿದ್ದ.

ಹೋದ ವರ್ಷ ರೆಸಾರ್ಟ್ ಕಟ್ಟುವವರೊಬ್ಬರು ತೋಟ ನೋಡಿ ಒಪ್ಪಿದರು. ಕಾಗದಪತ್ರಕ್ಕೆ ವಂಶವೃಕ್ಷ ಬೇಕಾಯಿತು. ಮೋಹನ್ ಅಫಿಡವಿಟ್ ಕೊಟ್ಟು ಮಾಡಿಸಿಕೊಂಡು ಬಂದ. ಅದರಲ್ಲಿ ತಿಮ್ಮಯ್ಯ, ಅವನ ಕೆಳಗೆ ಮೋಹನ್, ಪಕ್ಕದಲ್ಲಿ ಮೃತ ಮಹೇಶ್, ಅಲ್ಲಿಗೆ ಮುಗಿಯಿತು. ಮೋಸ ಮಾಡುವ ಉದ್ದೇಶವಿತ್ತು ಎಂದರೆ ಅವನ ಬುದ್ಧಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಅವನಿಗೆ ತಂಗಿಯ ನೆನಪೇ ಆಗಿರಲಿಲ್ಲ. ಆಮೇಲೆ ಕೇಳಿದಾಗ, ‘ಅವಳನ್ನ ಹಾಕಿದ್ರೆ ಏನು ಮಾರಾಯ, ಸುಮ್ನೆ ಒಂದು ಒಣಕೊಂಬೆ ನಿಂತಿರ್ತದೆ’ ಎಂದು ನಕ್ಕನಂತೆ.

ಕೊಳ್ಳುವವರ ವಕೀಲ ಜಾಗ ನೋಡಲು ಬಂದ ದಿನ ಕೆಂಚಮ್ಮ ಕಣದ ಮೂಲೆಯಲ್ಲಿ ಮೆಣಸಿನಿಂದ ಕಡ್ಡಿ ಆರಿಸುತ್ತ ಕೂತಿದ್ದಳು. ಕಾರು ನೋಡಿದ್ದೇ ಎದ್ದು ಕುಂಟುತ್ತ ಓಡಿ, ಅಪ್ಪನ ಕೋಣೆಯ ಕಿಟಕಿಯ ಸರಳು ಹಿಡಿದು ಕೂಗಿದಳು: ‘ಅಪ್ಪಾ, ಕಾರು! ಅಪ್ಪಾ, ಕೆಂಪು ಕಾರು!’

‘ಇವರ್ಯಾರು?’ ಎಂದ ವಕೀಲ.

‘ನಮ್ಮ ಹುಡ್ಗಿ ಸ್ವಾಮಿ, ತಲೆ ಸರಿ ಇಲ್ಲ’ ಎಂದು ಒಳಗಿನಿಂದ ತಿಮ್ಮಯ್ಯನೇ ಹೇಳಿದ.

ವಕೀಲ ವಂಶವೃಕ್ಷ ತೆಗೆದು ನೋಡಿದ, ಮೋಹನನ ಮುಖ ನೋಡಿದ. ಕೊಂಬೆ ಕಡಿದವರು ಕೊಂಬೆಯನ್ನು ಅಂಗಳದಲ್ಲೇ ಬಿಟ್ಟಿದ್ದರು. ಅವನು ಹೋಗುವಾಗ ಹೇಳಿದ್ದು ಇಷ್ಟು: ‘ನಾಳೆ ಯಾರಾದ್ರೂ ಈ ಹೆಂಗಸಿನ ಪರವಾಗಿ ಕೇಸು ಹಾಕಿದ್ರೆ ನಮ್ಮವರ ದುಡ್ಡು ಹೋಗ್ತದೆ. ಮೊದ್ಲು ಇವಳ ಹೆಸರು ಸೇರಿಸಿ. ಆಮೇಲೆ ಇಂಥವರಿಗೆ ಹಾಸನದಲ್ಲಿ ಡಿ.ಸಿ. ಕಮಿಟಿಯಿಂದ ಪಾಲಕರನ್ನ ನೇಮಿಸ್ತಾರೆ, ಗಾರ್ಡಿಯನ್ ಅಂತ. ಗಾರ್ಡಿಯನ್ ಆದವರು ಈಕೆಗೆ ಆಸ್ತಿ ಏನೂ ಇಲ್ಲ ಅಂತ ಬರೆದುಕೊಟ್ರೆ ಮುಂದಿನದು ನೋಡಣ.’

ಗಾರ್ಡಿಯನ್ ಯಾರು? ಅಣ್ಣನೇ ಆಗಬಹುದಿತ್ತು. ಆಗಿದ್ದರೆ ಅವನ ಕೆಲಸ ಅದೇ ತಿಂಗಳು ಮುಗಿಯುತ್ತಿತ್ತು. ಆದರೆ ಅರ್ಜಿದಾರರ ಮನೆಗೆ ಬಂದು ನೋಡುತ್ತಾರೆ, ಅವಳು ಎಲ್ಲಿ ಮಲಗುತ್ತಾಳೆ ಎಂದು ಕೇಳುತ್ತಾರೆ ಎಂದು ಯಾರೋ ಹೇಳಿದರು. ಅತಿಥಿ ಕೋಣೆಯ ಟೈಲ್ಸ್ ನೆನಪಾಯಿತು. ಮಗಳಿಗೆ ಗಂಡು ನೋಡುತ್ತಿದ್ದರು, ಆ ಹೊತ್ತಿನಲ್ಲಿ ಜೊಲ್ಲು ಸುರಿಸುವ ಸೋದರತ್ತೆ ಮನೆಯಲ್ಲಿರುವುದು ಹೇಗೆ? ಮೋಹನನ ಪ್ರಕಾರ ಗಾರ್ಡಿಯನ್ ಎಂದರೆ ಶಾಲೆಗೆ ಸೇರಿಸುವಾಗ ಸಹಿ ಹಾಕುವವರು, ಮತ್ತು ಮುಖ ತೊಳೆಸುವವರು. ಮುಖ ತೊಳೆಸುವವಳು ಮನೆಯಲ್ಲೇ ಇದ್ದಳು. ಬೇರೆಯವರು ತೋರಿಸಿದಲ್ಲಿ ಒಮ್ಮೆ ಸಹಿ ಹಾಕಿದವಳೂ ಅವಳೇ. ತಿಮ್ಮಯ್ಯ ಎಡಗೈ ಹೆಬ್ಬೆಟ್ಟು ಒತ್ತಿ, ತನ್ನ ಮಗಳಿಗೆ ಸೊಸೆಯನ್ನು ಪಾಲಕಿ ಮಾಡಬೇಕೆಂದು ಕೋರಿಕೊಂಡ. ಮನೆಗೆಲಸದವಳಿಗೆ ಕಾಗದ ಮಾಡಿಸಿಕೊಡುತ್ತಿದ್ದೇವೆ ಎಂದು ಅಪ್ಪ ಮಗ ಇಬ್ಬರೂ ತಿಳಿದಿದ್ದರು.

ವಿಚಾರಣೆಗೆ ಬಂದವಳು ಶೃತಿ. ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಹುಡುಗಿ. ಅವಳದೇ ಎಡಗೈ ಮೊಣಕೈಗೆ ನಿಂತಿದೆ, ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಹೋಬಳಿಯೆಲ್ಲ ಸುತ್ತುತ್ತಾಳೆ. ಅಂದು ಹಾಸನದ ಕಮಿಟಿಯವರೊಬ್ಬರನ್ನು ಹಿಂದೆ ಕೂರಿಸಿಕೊಂಡು ಬಂದಿದ್ದಳು. ಕಮಿಟಿಯವರು ಬರೆದುಕೊಂಡರು, ಶೃತಿ ಕೇಳಿದಳು.

‘ಕೆಂಚಮ್ಮಾ, ನೀವು ಯಾರ ಜೊತೆ ಇರ್ತೀರಿ?’

‘ಕಾಫಿ ಕೊಡು.’

‘ಕೊಡ್ತಾರೆ. ಯಾರು ಕೊಡ್ತಾರೆ ಕಾಫಿ?’

ಕೆಂಚಮ್ಮ ಇಂಥ ದಡ್ಡ ಪ್ರಶ್ನೆ ಯಾರೂ ಕೇಳಿಲ್ಲ ಎಂಬಂತೆ ನೋಡಿ, ‘ಅತ್ಗೆ’ ಎಂದಳು.

ಮೋಹನ್ ಹತ್ತಿರ ಬಂದು ನಿಂತ. ‘ನಮ್ಮ ತಂಗಿಯನ್ನ ನಾವು ಯಾವತ್ತೂ ಕಡಿಮೆ ಮಾಡಿಲ್ಲ ಮೇಡಂ. ರಾಣಿ ಥರ ಇಟ್ಟಿದ್ದೀವಿ.’

‘ಯಾವ ಮಾತ್ರೆ ಕೊಡ್ತೀರಿ ಸರ್ ಅವರಿಗೆ?’

‘ಅದೂ... ಬಿಳೀದು’ ಎಂದ ಮೋಹನ್.

ಗಂಗಾಮಣಿ ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಯಾವ ವರ್ಷ ಯಾವ ಡಾಕ್ಟರು ಬದಲಿಸಿದರು ಎಂಬುದನ್ನೆಲ್ಲ ಹೇಳಿದಳು. ಹೇಳುತ್ತಲೇ ಕೆಂಚಮ್ಮನ ಗಲ್ಲ ಒರೆಸಿದಳು. ಕಮಿಟಿಯವರು ಅದನ್ನೂ ಬರೆದುಕೊಂಡರು.

ಎರಡು ತಿಂಗಳಿಗೆ ಪ್ರಮಾಣಪತ್ರ ಬಂತು. ಮೋಹನನಿಗೆ ಅದರಿಂದ ಎಷ್ಟು ಸಂತೋಷವಾಯಿತೆಂದರೆ ಸಂಘದ ವಾರ್ಷಿಕೋತ್ಸವದಲ್ಲಿ ಗಂಗಾಮಣಿಗೆ ಸನ್ಮಾನ ಇಡಿಸಿಬಿಟ್ಟ. ಯಸಳೂರಿನಲ್ಲಿ ಶಾಮಿಯಾನ, ಮೈಕು. ಕೆಂಚಮ್ಮನನ್ನು ಬಿಟ್ಟು ಬರುವಂತಿಲ್ಲ, ಆದ್ದರಿಂದ ತ್ಯಾಗಮಯಿಯ ಪಕ್ಕದ ಕುರ್ಚಿಯಲ್ಲಿ ಅವಳ ತ್ಯಾಗವೂ ಕೂತು ಚಕ್ಕುಲಿ ತಿನ್ನುತ್ತಿತ್ತು. ಮೋಹನ್ ಕಣ್ಣೊರೆಸಿಕೊಂಡು ಮಾತಾಡಿದ. ‘ಇಂಥ ಹೆಣ್ಣುಮಕ್ಕಳಿಂದಲೇ ನಮ್ಮ ಮನೆಗಳು ನಿಂತಿವೆ. ಒಂದು ದಿನ ಬೇಕು ಅಂದವಳಲ್ಲ, ಬೇಡ ಅಂದವಳಲ್ಲ.’ ಚಪ್ಪಾಳೆ. ಎದುರಿಗೆ ಕೂತಿದ್ದ ಗಂಡಸರೆಲ್ಲ ತಮ್ಮ ತಮ್ಮ ಹೆಂಡಿರತ್ತ ತಿರುಗಿ ನೋಡಿದರು, ಕೇಳಿಸಿತೇ ಎಂಬಂತೆ. ಗಂಗಾಮಣಿ ವೇದಿಕೆಯ ಗಡಿಯಾರ ನೋಡುತ್ತಿದ್ದಳು. ಹನ್ನೆರಡಾಗಿತ್ತು. ಮುದುಕ ಅಷ್ಟರಲ್ಲಿ ಹಾಸಿಗೆಯಲ್ಲೇ ಮಾಡಿಕೊಂಡಿರುತ್ತಾನೆ, ಮಾಡಿಕೊಂಡು ಅವಳಿಗೇ ಬೈಯುತ್ತಿರುತ್ತಾನೆ. ಶಾಲು ಹೊದಿಸಿದರು, ಸ್ಮರಣಿಕೆ ಕೊಟ್ಟರು, ದೊಡ್ಡ ಹಣ್ಣಿನ ಬುಟ್ಟಿ ಕೊಟ್ಟರು. ‘ಬಸ್ಸಲ್ಲಿ ಹೆಂಗಮ್ಮ ಹಿಡ್ಕೊಂಡು ಹೋಗ್ತೀಯ, ಕಾರಲ್ಲಿ ಇಟ್ಟಿರ್ತೀನಿ’ ಎಂದ ಮೋಹನ್. ಬುಟ್ಟಿ ಮತ್ತೆ ಕಾಣಲಿಲ್ಲ. ಕೆಂಚಮ್ಮ ಒಂದು ವಾರ ಸೇಬು ಕೇಳಿದಳು.

ಪ್ರಮಾಣಪತ್ರದ ಜೊತೆ ಒಂದು ನಮೂನೆಯೂ ಬಂದಿತ್ತು. ಪಾಲಕರಾದವರು ಆರು ತಿಂಗಳೊಳಗೆ, ತಾವು ನೋಡಿಕೊಳ್ಳುವವರ ಸ್ಥಿರಾಸ್ತಿ, ಚರಾಸ್ತಿ, ಬರಬೇಕಾದದ್ದು, ಎಲ್ಲವನ್ನೂ ಪಟ್ಟಿ ಮಾಡಿ ಕಮಿಟಿಗೆ ಕಳಿಸಬೇಕು. ಅಪ್ಪ ಮಗ ಕಾಯುತ್ತಿದ್ದದ್ದು ಇದಕ್ಕೇ. ಅಕ್ಟೋಬರಿನಲ್ಲಿ ಮೋಹನ್ ಬಂದವನು ಜಗಲಿಯಲ್ಲಿ ಕೂತು, ಪೆನ್ಸಿಲಿನಲ್ಲಿ ಪ್ರತಿ ಕಾಲಮ್ಮಿಗೂ ‘ಇಲ್ಲ’ ಎಂದು ಬರೆದ.

‘ಇದ್ರ ಮೇಲೆ ಪೆನ್ನಲ್ಲಿ ತಿದ್ದಿ ಕೆಳಗೆ ಸೈನ್ ಹಾಕಿಡಮ್ಮ ಗಂಗಾಮಣಿ. ಸೋಮವಾರ ಬಂದು ತಗೊಂಡು ಹೋಗ್ತೀನಿ.’

‘ಆಮೇಲೆ ನಾವು ಎಲ್ಲಿರೋದು ಭಾವ?’

‘ಅಯ್ಯೋ, ನಾನು ಬಿಟ್ಬುಡ್ತೀನಾ? ರೆಸಾರ್ಟಿನವರ ಹತ್ರ ಮಾತಾಡಿದ್ದೀನಿ. ಹಿಂದುಗಡೆ ಒಂದು ರೂಮು ಕೊಡ್ತಾರೆ. ಗೆಸ್ಟುಗಳಿಗೆ ಹಳ್ಳಿ ಊಟ ಬೇಕಂತೆ. ನಿನ್ನ ಅಕ್ಕಿರೊಟ್ಟಿ ತಿಂದ್ರೆ ಅವರು ಹೋಗೋದೇ ಇಲ್ಲ.’

‘ಮಾವ?’

‘ಅಪ್ಪಾನೂ ನಿನ್ ಜೊತೇಲೇ. ನಿನ್ನ ಬಿಟ್ಟು ಅವರು ಎಲ್ಲಿರ್ತಾರೆ?’

ಒಂದು ರೂಮು. ಅದರಲ್ಲಿ ಮಾವ, ನಾದಿನಿ, ಅವಳು. ಹಗಲು ಬೇರೆಯವರ ತಿಂಡಿ. ಇದನ್ನು ಹೇಳುವಾಗ ಮೋಹನನ ಮುಖದಲ್ಲಿ ದಾನ ಕೊಡುವವರ ಕಳೆಯಿತ್ತು.

‘ಆ ರೂಮಿನ ವಿಷಯ ಕಾಗದದಲ್ಲಿ ಬರ್ಕೊಡ್ತೀರಾ ಭಾವ?’

‘ಮನೆಯೋರ ಮಧ್ಯೆ ಕಾಗದ ಯಾಕಮ್ಮ?’

‘ಹಂಗಾದ್ರೆ ಇದು ಯಾಕೆ?’ ಎಂದು ಅವಳು ನಮೂನೆ ತೋರಿಸಿದಳು.

ಒಳಗಿನಿಂದ ತಿಮ್ಮಯ್ಯ ಕೂಗಿದ: ‘ಅದೇನು ವಾದ ಮಾಡ್ತಾಳೋ ಅವಳು? ಕೆಂಚಿಗ್ಯಾಕೆ ತೋಟ? ತೋಟ ಉಣ್ತಾಳಾ? ಸೈನ್ ಹಾಕಾಕೆ ಇಷ್ಟ ಇಲ್ಲ ಅಂದ್ರೆ ಗಂಟು ಕಟ್ಕೊಂಡು ಮಗ್ಗೆಗೆ ಹೋಗು ಅನ್ನು.’ ಕೂಗಿದ ಆಯಾಸಕ್ಕೆ ಕೆಮ್ಮು ಬಂತು. ಗಂಟು ಕಟ್ಟಿಕೊಂಡು ಹೋಗಬೇಕಾದವಳೇ ಎದ್ದು ಹೋಗಿ ಅವನ ಬೆನ್ನು ನೀವಿದಳು.

ಶೃತಿ ಗುರುವಾರ ಬಂದಳು, ಕೆಂಚಮ್ಮನ ಅಂಗವಿಕಲರ ಕಾರ್ಡು ನವೀಕರಿಸಲು. ಗಂಗಾಮಣಿ ನಮೂನೆಯನ್ನು ಅವಳ ಮುಂದಿಟ್ಟಳು. ಪೆನ್ಸಿಲಿನ ‘ಇಲ್ಲ’ಗಳನ್ನು ಶೃತಿ ಮೇಲಿನಿಂದ ಕೆಳಗೆ ಓದಿದಳು.

‘ಯಾರು ಬರ್ದಿದ್ದು ಇದು?’

‘ಭಾವ.’

‘ಇದು ನೀವು ಬರೀಬೇಕಾದ ಪಟ್ಟಿ ಅಮ್ಮ. ನಿಮ್ಮ ಭಾವಂದಲ್ಲ. ಅವರ ಅಪ್ಪನಿಗೆ ಅವರ ತಾತನಿಂದ ಬಂದ ಆಸ್ತಿ ಅಲ್ವಾ? ಹಂಗಿದ್ರೆ ಮಗಳಿಗೂ ಮಗನಷ್ಟೇ ಪಾಲು. ಬುದ್ಧಿ ಕಮ್ಮಿ ಇದ್ರೆ ಪಾಲೂ ಕಮ್ಮಿ ಅಂತ ಎಲ್ಲೂ ಬರ್ದಿಲ್ಲ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನಾಲ್ಕರಲ್ಲಿ ಒಂದು ಇವರದು. ನೀವು ಅದನ್ನ ಬರೆದು ಕಳಿಸಿದ್ರೆ ಮುಗೀತು, ಕಮಿಟಿಗೆ ಗೊತ್ತಾಗ್ದಂಗೆ ಯಾರೂ ಮಾರಕ್ಕಾಗಲ್ಲ. ಇಲ್ಲ ಅಂತ ಬರೆದ್ರೆ...’ ಶೃತಿ ನಮೂನೆಯನ್ನು ಅವಳತ್ತ ಸರಿಸಿದಳು. ‘ಸುಳ್ಳು ಬರೆದವರು ನೀವಾಗ್ತೀರ.’

ಕೆಂಚಮ್ಮ ಬಾಗಿಲ ಬಳಿ ತಗಡಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಕಾಫಿ ಕಾಲದಲ್ಲಿ ಗಿಡದ ಬುಡದಲ್ಲಿ ಉದುರಿದ ಹಣ್ಣು ಆಯುವುದು ಅವಳ ಕೆಲಸ. ಮೂವತ್ತು ವರ್ಷದಿಂದ ದಿನಕ್ಕೆ ಒಂದು ಡಬ್ಬಿ. ಆ ಹಣ್ಣನ್ನೂ ಮೋಹನ್ ಮೂಟೆಗೆ ಸೇರಿಸಿಯೇ ಮಾರಿದ್ದಾನೆ, ಒಣಕೊಂಬೆಯ ಹಣ್ಣೆಂದು ಬೇರೆ ತೆಗೆದಿಟ್ಟಿಲ್ಲ.

‘ಪಾಲು ಇದೆ ಅಂತ ಬರೆದ್ರೆ ನಾನು ಸಾಯೋವರೆಗೂ ಇವಳ ಜೊತೇಲೇ ಇರಬೇಕಾ?’ ಎಂದಳು ಗಂಗಾಮಣಿ.

‘ಇಲ್ಲ ಅಮ್ಮ. ಪಾಲಕಿ ಆಗೋದು ಬಲವಂತ ಅಲ್ಲ. ಆಗಲ್ಲ ಅಂತ ಒಂದು ಬಿಳಿ ಹಾಳೇಲಿ ಬರ್ಕೊಟ್ರೆ ಬೇರೆ ಯಾರನ್ನಾದ್ರೂ ನೋಡ್ತಾರೆ. ಯಾರೂ ನಿಮಗೆ ಹೇಳಿಲ್ವಾ?’

ಮೂವತ್ತೆರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಬಿಡಬಹುದು ಎಂಬ ಮಾತು ಈ ಮನೆಯಲ್ಲಿ ಪಾಲು ಬಿಡುವುದಕ್ಕೆ ಮಾತ್ರ ಬಳಕೆಯಾಗಿತ್ತು.

ಒಳಗಿನಿಂದ ತಿಮ್ಮಯ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಕಿವಿ ಮಾತ್ರ ಇನ್ನೂ ಇಪ್ಪತ್ತರದು. ‘ಏನಮ್ಮಾ ಹುಡ್ಗೀ’ ಎಂದ, ‘ಮುದುಕರನ್ನ ನೋಡ್ಕಳ್ಳದಿದ್ರೆ ಹಿಡ್ಕೊಂಡು ಹೋಗ್ತಾರಂತಲ್ಲ, ಕಾನೂನು ಐತಂತೆ, ಹೌದಾ?’

‘ಐತೆ ಅಜ್ಜ. ಹಿರಿಯ ನಾಗರಿಕರ ಕಾನೂನು. ಸಕಲೇಶಪುರದ ಎ.ಸಿ. ಸಾಹೇಬ್ರೇ ವಿಚಾರಣೆ ಮಾಡ್ತಾರೆ.’

‘ಕೇಳಿದ್ಯೇನೇ ಗಂಗೀ? ಐತಂತೆ!’

‘ಆದ್ರೆ ಅದ್ರಲ್ಲಿ ಮಕ್ಕಳು ಅಂತ ಐತೆ ಅಜ್ಜ. ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಅಂತ ಇಲ್ಲ.’

‘ಹೆಂಗೆ ಇಲ್ಲ?’

‘ಇಲ್ಲ ಅಜ್ಜ.’

‘ಸರಿಯಾಗಿ ಓದಿದ್ಯಾ?’

‘ಓದಿದ್ದೀನಿ. ನಿಮ್ಮ ಆಸ್ತಿ ತಗೊಂಡಿರೋಳೂ ಅಲ್ಲ ಅವರು. ಬಿಟ್ಟು ಬರ್ಕೊಟ್ಟೋರು.’

‘ಮಗ ಹೆಂಗಮ್ಮ ನೋಡ್ಕಳ್ತಾನೆ? ಅವನಿಗೆ ಅಂಗಡಿ ಐತೆ!’

ಶೃತಿ ನಕ್ಕುಬಿಟ್ಟಳು. ತಿಮ್ಮಯ್ಯನಿಗೆ ನಗುವಂಥದ್ದೇನೂ ಕಾಣಲಿಲ್ಲ. ಕಾನೂನು ಬರೆದವರು ಸಂಸಾರಸ್ಥರಲ್ಲ, ಅದಕ್ಕೇ ಇಂಥ ಮುಖ್ಯವಾದ ಹೆಸರು ಬಿಟ್ಟುಹೋಗಿದೆ ಎಂದು ಅವನು ತೀರ್ಮಾನಿಸಿದ. ಬಿಟ್ಟುಹೋದ ಹೆಸರಿನ ಬಗ್ಗೆ ಅವನಿಗೆ ಜೀವಮಾನದಲ್ಲಿ ಮೊದಲ ಸಲ ಚಿಂತೆಯಾಗಿತ್ತು.

ಅಂಗಳಕ್ಕೆ ಬಂದ ಮೇಲೆ ಗಂಗಾಮಣಿ ಮೆಲ್ಲಗೆ ಕೇಳಿದಳು: ‘ಆ ಎ.ಸಿ. ಸಾಹೇಬರಿಗೆ ಮುದುಕರೇ ಹೋಗಿ ಹೇಳಬೇಕಾ?’

‘ಅವರಿಗೆ ಆಗದಿದ್ರೆ ಯಾರಾದ್ರೂ ತಿಳಿಸಬಹುದು. ಸಾಹೇಬ್ರು ತಾವೇ ಕೇಸು ತಗೋಬಹುದು.’ ಶೃತಿ ಬ್ಯಾಗಿನಿಂದ ಎರಡು ಬಿಳಿ ಹಾಳೆ ತೆಗೆದು ಕೊಟ್ಟಳು. ‘ಇಟ್ಕೊಳ್ಳಿ ಅಮ್ಮ. ಪಾಲಕಿ ಕೆಲಸ ಬಿಡೋದಾದ್ರೆ ಒಂದರಲ್ಲಿ ಬರೀರಿ. ಬಿಡೋದಿಲ್ಲ ಅಂದ್ರೆ ಆ ಪೆನ್ಸಿಲ್ ಅಳಿಸಿ. ನಾನು ಹೇಳಲ್ಲ ಯಾವುದು ಅಂತ. ಹೇಳಿದ್ರೆ ನಾನೂ ನಿಮ್ಮ ಭಾವನ ಥರಾನೇ ಆಗ್ತೀನಿ.’

ಶನಿವಾರ ಬೆಳಿಗ್ಗೆ ಗಂಗಾಮಣಿ ಇಳಿಜಾರಿನ ಕೆಳಗಿನ ಎಸ್ಟೇಟ್ ಕೂಲಿ ಲೈನಿನಲ್ಲಿರುವ ಮುನಿಯಮ್ಮನನ್ನು ಕರೆದಳು. ಮೂವತ್ತೆರಡು ವರ್ಷದಲ್ಲಿ ಯಾರನ್ನೂ ‘ಸ್ವಲ್ಪ ನೋಡ್ಕೊಳ್ತೀಯಾ’ ಎಂದು ಕೇಳಿರಲಿಲ್ಲ, ಇವತ್ತು ಕೇಳಿದಳು.

‘ಕೆಂಚಮ್ಮನ್ನ ಸಂಜೆತನಕ ಬೇಕಾದ್ರೂ ಇಟ್ಕತೀನಿ ಕಣಕ್ಕ’ ಎಂದಳು ಮುನಿಯಮ್ಮ. ‘ಮುದುಕಪ್ಪನ್ನ ಮಾತ್ರ ಕೇಳಬ್ಯಾಡ. ನಾನು ಜಗಲಿ ದಾಟಂಗಿಲ್ಲ ಅಂತ ಅವರೇ ತಾನೆ ಕಟ್ಟು ಮಾಡಿರೋದು? ಅವರು ಕೂಗ್ಲಿ, ನಾನು ಇಲ್ಲಿಂದ್ಲೇ ಓ ಅಂತೀನಿ.’

ಅದು ನಿಜವಾಗಿತ್ತು. ಮುನಿಯಮ್ಮನ ಕೈಯಲ್ಲಿ ಆಯಿಸಿದ ಹಣ್ಣಿನ ಕಾಫಿ ಕುಡಿಯುವವನು ಅವಳ ಕಾಲು ತನ್ನ ಹೊಸ್ತಿಲು ದಾಟಬಾರದೆಂದು ಆಣೆ ಹಾಕಿ ಕಾಪಾಡಿಕೊಂಡು ಬಂದಿದ್ದ. ಇವತ್ತು ಆ ಮಡಿಯ ಜೊತೆಗೇ ಅವನು ಒಬ್ಬನೇ ಮಲಗಿರಬೇಕಾಯಿತು. ಗಂಗಾಮಣಿ ಅವನಿಗೆ ಊಟ ಮಾಡಿಸಿ, ಪಾತ್ರೆ ಇಟ್ಟು ತೆಗೆದು, ನೀರಿನ ಲೋಟ ಎಡಗೈಗೆ ಎಟಕುವಂತೆ ಇಟ್ಟು, ಹತ್ತೂವರೆಯ ಬಸ್ಸು ಹತ್ತಿದಳು.

ಯಸಳೂರಿನ ಅಂಚೆ ಕಚೇರಿಯ ಹೊರಗೆ ಒಂದು ಕಲ್ಲುಬೆಂಚು. ನಮೂನೆ, ಎರಡು ಬಿಳಿ ಹಾಳೆ, ಎರಡು ಲಕೋಟೆ, ಪೆನ್ನು. ಬಸ್ಸಿನಲ್ಲಿ ಬರುವಾಗ ಎಲ್ಲ ತೀರ್ಮಾನವಾಗಿದೆ ಎಂದುಕೊಂಡಿದ್ದಳು. ಕೂತ ಮೇಲೆ ಒಂದೂ ಆಗಿರಲಿಲ್ಲ.

ಮೊದಲು ಬಿಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ‘ನನ್ನಿಂದ ಆಗುವುದಿಲ್ಲ.’ ಎರಡೇ ಮಾತು. ಬರೆದರೆ ಸೋಮವಾರದ ಹೊತ್ತಿಗೆ ಅವಳು ಯಾರಿಗೂ ಏನೂ ಅಲ್ಲ. ಮಗ್ಗೆಗೆ ಹೋಗಬಹುದು. ಅಲ್ಲಿ ಅಣ್ಣನಿಗೆ ಸಕ್ಕರೆ ಕಾಯಿಲೆ, ಅತ್ತಿಗೆಗೆ ಸೊಂಟನೋವು, ಅವಳನ್ನು ನೋಡಿದ ಕೂಡಲೇ ಇಬ್ಬರಿಗೂ ಕಾಯಿಲೆ ಹೆಚ್ಚಾಗುತ್ತದೆ. ಹಾಸನಕ್ಕೆ ಹೋಗಿ ಯಾವುದಾದರೂ ಹಾಸ್ಟೆಲಿನಲ್ಲಿ ಅಡಿಗೆ ಮಾಡಬಹುದು, ಅಲ್ಲಿ ಸಂಬಳವಾದರೂ ಕೊಡುತ್ತಾರೆ, ಭಾನುವಾರ ರಜೆ. ಭಾನುವಾರ ರಜೆ ಎಂಬ ಯೋಚನೆಗೇ ಅವಳ ಮೈ ಹಗುರಾಯಿತು, ನಾಚಿಕೆಯಾಗುವಷ್ಟು.

ಕೆಂಚಮ್ಮ? ಅವಳ ಮೇಲಿರುವುದು ಪ್ರೀತಿಯೋ ಅಭ್ಯಾಸವೋ ಗಂಗಾಮಣಿಗೆ ಗೊತ್ತಿರಲಿಲ್ಲ. ಸನ್ಮಾನದ ದಿನ ಮೈಕಿನಲ್ಲಿ ಹೇಳಿದಂಥದ್ದೇನೂ ಅವಳ ಎದೆಯಲ್ಲಿರಲಿಲ್ಲ. ಎಷ್ಟೋ ಸಲ ಬೈದಿದ್ದಳು, ಎರಡು ಸಲ ಹೊಡೆದಿದ್ದಳು. ಆದರೆ ಆ ಮನೆಯಲ್ಲಿ ‘ಇದು ನಿನ್ನ ಕರ್ತವ್ಯ’ ಎಂದು ಒಂದು ದಿನವೂ ಅನ್ನದಿದ್ದವಳು ಕೆಂಚಮ್ಮ ಒಬ್ಬಳೇ. ತನಗೆ ಬೇಕಾದದ್ದನ್ನು ಕೇಳುತ್ತಿದ್ದಳು, ಕೊಟ್ಟರೆ ನಗುತ್ತಿದ್ದಳು. ಉಳಿದವರಿಗೆ ಕೊಟ್ಟದ್ದೆಲ್ಲ ಬರಬೇಕಾದದ್ದೇ ಎಂಬಂತಿತ್ತು. ಮತ್ತೆ, ಬಿಳಿ ಹಾಳೆಯ ಮೇಲೆ ಆ ಎರಡು ಮಾತು ಬಿದ್ದರೆ ಮುಂದೆ ಗಾರ್ಡಿಯನ್ ಆಗುವವನು ಯಾರು? ಒಂದು ಮಧ್ಯಾಹ್ನ ಅತಿಥಿ ಕೋಣೆ ತೋರಿಸಿ, ಮರುದಿನ ಗೊಬ್ಬರದ ಗೋಡೌನಿನಲ್ಲಿ ಚಾಪೆ ಹಾಸುವವನು.

ಅವಳು ಕೌಂಟರಿನಲ್ಲಿ ರಬ್ಬರು ಕೇಳಿದಳು, ಇರಲಿಲ್ಲ. ಪೆನ್ಸಿಲಿನ ‘ಇಲ್ಲ’ದ ಮೇಲೆಯೇ ಒತ್ತಿ ಬರೆದಳು: ತೋಟದ ಸರ್ವೆ ನಂಬರು, ನಾಲ್ಕು ಎಕರೆಯಲ್ಲಿ ನಾಲ್ಕನೇ ಒಂದು ಪಾಲು. ಮನೆಯಲ್ಲಿ ನಾಲ್ಕನೇ ಒಂದು ಪಾಲು. ಕಣದಲ್ಲಿಯೂ. ಚರಾಸ್ತಿ ಕಾಲಮ್ಮಿನಲ್ಲಿ ಕೆಂಚಮ್ಮನ ಕಿವಿಯ ಓಲೆ ಬರೆದಳು. ಸಹಿ ಹಾಕಿದಳು. ಈ ಸಲ ಯಾರೂ ಇಲ್ಲಿ ಹಾಕು ಅಲ್ಲಿ ಹಾಕು ಎಂದು ಬೆರಳಿಟ್ಟು ತೋರಿಸಲಿಲ್ಲ.

ಅಲ್ಲಿಗೆ ಎದ್ದಿದ್ದರೆ ಅವಳು ಒಳ್ಳೆಯವಳಾಗಿ ಉಳಿಯುತ್ತಿದ್ದಳು. ತೋಟ ಹೋಗಲಿಲ್ಲ, ಕೆಂಚಮ್ಮನ ತಲೆಯ ಮೇಲೆ ಸೂರು ಉಳಿಯಿತು, ಮಿಕ್ಕದ್ದೆಲ್ಲ ಮೊದಲಿನಂತೆ. ಗಂಟು ಕಟ್ಟು ಎಂದವನ ಬೆನ್ನು ನೀವುವುದೂ ಮೊದಲಿನಂತೆ.

ಅವಳು ಏಳಲಿಲ್ಲ. ಮತ್ತೊಂದು ಹಾಳೆ ತೆಗೆದಳು. ‘ಮಾನ್ಯ ಉಪವಿಭಾಗಾಧಿಕಾರಿಗಳು, ಸಕಲೇಶಪುರ’ ಎಂದು ಬರೆದು ನಿಲ್ಲಿಸಿದಳು. ನೀರಿನ ಲೋಟ ಮಗುಚಿರಬಹುದು. ಮುದುಕ ಈಗ ಕೂಗುತ್ತಿರಬಹುದು, ಜಗಲಿಯ ಹೊರಗಿನಿಂದ ಮುನಿಯಮ್ಮ ಓಗೊಡುತ್ತಿರಬಹುದು. ಅವನ ಮೇಲೆ ಅವಳಿಗೆ ಸಿಟ್ಟು ಕೂಡ ಉಳಿದಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅವಳ ಪಾಲು ಬರೆಸಿಕೊಳ್ಳುವಾಗ ಮೋಹನನ ಕಾರಿನೊಳಗೆ ಕೂತು ವೀಳ್ಯ ಜಗಿಯುತ್ತಿದ್ದವನು ಅವನೇ. ಬಿದ್ದವನನ್ನು ಬಿಟ್ಟಳು ಎಂದು ಊರು ಹೇಳುತ್ತದೆ. ಹೇಳುವವರಲ್ಲಿ ಒಬ್ಬರೂ ಪಾತ್ರೆ ತೊಳೆಯಲು ಬರುವವರಲ್ಲ.

ಬರೆದಳು.

‘ನನ್ನ ಮಾವ ತಿಮ್ಮಯ್ಯ, ವಯಸ್ಸು 83, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಒಬ್ಬ ಮಗ ಇದ್ದಾರೆ. ಮಗನ ಹೆಸರು, ಅಂಗಡಿ, ಮನೆಯ ವಿಳಾಸ, ಫೋನ್ ನಂಬರು ಕೆಳಗೆ ಇದೆ. ಆ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನಾನು ಸೊಸೆ. ನಾನು ಕೆಂಚಮ್ಮ ಎಂಬುವರಿಗೆ ಮಾತ್ರ ಪಾಲಕಿ, ಅದಕ್ಕೆ ಸರ್ಕಾರದ ಪತ್ರ ಇದೆ. ಮಾವನವರನ್ನು ಮುಂದಿನ ತಿಂಗಳ ಕೊನೆಯವರೆಗೆ ನೋಡಿಕೊಳ್ಳುತ್ತೇನೆ. ಅಷ್ಟರೊಳಗೆ ಮಗ ಬಂದು ಕರೆದುಕೊಂಡು ಹೋಗುವಂತೆ ತಾವು ಹೇಳಬೇಕು. ಆಮೇಲೆ ನಾನು ನೋಡಿಕೊಳ್ಳುವುದಿಲ್ಲ.’

ಕೊನೆಯ ವಾಕ್ಯವನ್ನು ಎರಡು ಸಲ ಓದಿದಳು. ‘ನೋಡಿಕೊಳ್ಳಲು ಆಗುವುದಿಲ್ಲ’ ಎಂದು ತಿದ್ದಬಹುದಿತ್ತು, ಅದು ಮರ್ಯಾದೆಯಾಗಿ ಕೇಳಿಸುತ್ತಿತ್ತು. ತಿದ್ದಲಿಲ್ಲ. ಎರಡೂ ಲಕೋಟೆಗೆ ಅಂಟು ಹಚ್ಚಿ ಒಳಗೆ ಹೋದಳು.

ಕೌಂಟರಿನವನು ವಿಳಾಸ ನೋಡಿದ. ‘ಹಾಸನದ್ದು ಸ್ಪೀಡ್ ಪೋಸ್ಟ್ ಮಾಡ್ತೀನಿ ಅಕ್ಕ. ಇದು ಸಕಲೇಶಪುರ, ಎ.ಸಿ. ಆಫೀಸು. ಯಾರಾದ್ರೂ ಮನೆಯವರು ಹೋದಾಗ ಕೈಯಲ್ಲೇ ಕೊಟ್ಟು ಬರಬಹುದಲ್ಲ? ಸುಮ್ನೆ ಖರ್ಚು.’

‘ಮನೆಯವರು ಕೊಡಲ್ಲ’ ಎಂದಳು ಗಂಗಾಮಣಿ. ‘ಅದನ್ನೂ ಹಾಕಿ.’